ತೂಬಿನ ಬಾಗಿಲಲ್ಲಿ ಬಿದ್ದಿದ್ದ ಗಂಟು

ನೀರು ಇಳಿಯಿತು! ನಿನ್ನೆ ಸಂಜೆ, ಇನ್ನೂ ಬೀದಿಯ ಲೈಟು ಹತ್ತುವ ಮೊದಲೇ, ನನ್ನ ಮೊಮ್ಮಗಳು ಸಿಂಚನ ಮತ್ತು ನಾನು ಸೇರಿಕೊಂಡು ತೂಬು ಕಾಯುವ ರಾಕ್ಷಸನನ್ನು ಕೆಡವಿದೆವು, ಮುಳುಗಿದ್ದ ಊರಿನ ನೀರನ್ನೆಲ್ಲ ಇಳಿಸಿದೆವು, ಕಂಡಕ್ಟ್ರ ಗಂಟನ್ನೂ ಎತ್ತಿಕೊಂಡೆವು. ಈ ವಯಸ್ಸಿನಲ್ಲಿ ಇಂಥದ್ದೊಂದು ಸಂತೋಷ ನನಗೆ ಕಾದಿದೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಮಲಗಿದ ಮೇಲೂ ಬಲಗೈ ಹೆಬ್ಬೆರಳು ತಾನಾಗಿಯೇ ಪಟಪಟ ಅಂತ ಆಡುತ್ತಿತ್ತು.

ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದವಳು ಕ್ಯಾನು ಇಳಿಸುವುದಕ್ಕೆ ಮೊದಲೇ ಹೇಳಿಬಿಟ್ಟೆ. "ನೀರು ಇಳಿಸ್ಬುಟ್ವಿ ಕಣ್ರಪ್ಪ!"

"ಯಾವ ಕೆರೇದು ಗೌಡಮ್ಮ?" ಅಂದ ಹಾಲು ಅಳೆಯುವವನು.

"ಕೆರೇದಲ್ಲ ಕಣ್ಲಾ, ಕಂಪ್ಯೂಟ್ರೊಳಗಿಂದು."

"ಅಂಗಾರೆ ತಡಿ, ಅದ್ನೆಲ್ಲ ತಂದು ಈ ಹಾಲಿಗೆ ಉಯ್ದಿದ್ದೀಯಾ ಏನು ನೋಡ್ತೀನಿ," ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಕಣ್ಣು ತುಂಬಿಕೊಂಡು, ಸೆರಗು ಬಾಯಿಗೆ ಇಟ್ಟುಕೊಂಡು ಮನೆಗೆ ಬಂದೆ. ಯಾಕೆಂದರೆ ಈ ಆಟ ಗೆಲ್ಲಬೇಕಾಗಿದ್ದವಳು ನಾನಲ್ಲ. ನಮ್ಮ ಎದುರು ಮನೆಯ ಕಂಡಕ್ಟ್ರು ಗೆಲ್ಲಬೇಕಾಗಿತ್ತು. ಅವರು ಹೋಗಿ ವರ್ಷ ದಾಟಿತು.

ಅವರು ಸರ್ಕಾರಿ ಬಸ್ಸಿನ ಕಂಡಕ್ಟ್ರು. ಅರಕಲಗೂಡಿನಿಂದ ಹಾಸನ, ಹಾಸನದಿಂದ ಚನ್ನರಾಯಪಟ್ಟಣ, ಕೆಲವು ಕಾಲ ಹೊಳೆನರಸೀಪುರ. ಆ ರಸ್ತೆಗಳ ಮೇಲೆ ನಿಂತೇ ಜೀವಮಾನ ಕಳೆದವರು. ಮನೆಯಲ್ಲಿ ನಿಂತರೂ ಕಾಲು ಅಗಲಿಸಿಕೊಂಡು, ಎಲ್ಲಿ ನೆಲ ಅಲ್ಲಾಡಿಬಿಡುತ್ತದೋ ಅನ್ನುವ ಹಾಗೆ ನಿಲ್ಲುತ್ತಿದ್ದರು. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ನು. ಮಾತು ಶುರು ಮಾಡುವ ಮೊದಲು ಬೆರಳಿನ ಉಂಗುರದಿಂದ ಬಾಗಿಲ ಚೌಕಟ್ಟನ್ನು ಟಕಟಕ ತಟ್ಟುವುದು ಅವರ ಅಭ್ಯಾಸ. ನಾವು ಊಟಕ್ಕೆ ಕೂತಿರುವಾಗ ಬಂದರೆ ಹೊಸಿಲಿನ ಆಚೆಗೇ ನಿಂತು, ಸಾಲನ್ನು ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿ, ಬಸ್ಸಿಗೆ ಜನ ಹತ್ತಿಸಿದವರ ಹಾಗೆ, "ಎಲ್ಲಾರೂ ಅತ್ತಾಯ್ತಾ? ರೈಟ್!" ಅನ್ನುತ್ತಿದ್ದರು. ಅವರು ರೈಟ್ ಅಂದ ಮೇಲೇ ನಾವು ಮುದ್ದೆ ಮುರಿಯಬೇಕು. ಸಿಂಚನಳಿಗೆ ಅದೊಂದು ಕಾನೂನೇ ಆಗಿಹೋಗಿತ್ತು.

"ನೀವೂ ಬನ್ನಿ, ಕೂತ್ಕೊಳಿ ಕಂಡಕ್ಟ್ರೇ," ಅಂದರೆ, "ಕಂಡಕ್ಟ್ರಿಗೆ ಎಲ್ಲವ್ವ ಸೀಟು? ನೀವು ಉಣ್ಣಿ," ಅಂತ ನಗುತ್ತಿದ್ದರು. ಯಾಕೆ ಕೂರುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವರ ನಡುಮನೆಯಲ್ಲಿ ಬುದ್ಧನ ಪಟ, ನಮ್ಮ ನಡುಮನೆಯಲ್ಲಿ ನಮ್ಮ ದೇವರು. ಬೀದಿ ಒಂದೇ, ಹಾಲು ಒಂದೇ ಡೈರಿಯದು, ಊಟದ ಸಾಲು ಮಾತ್ರ ಬೇರೆ ಬೇರೆ. ಅವರು ಅದನ್ನು ತಮಾಷೆ ಮಾಡಿ ದಾಟಿಸುತ್ತಿದ್ದರು.

ಶಾಂತಿಗ್ರಾಮದ ಹತ್ತಿರ, ಓಡುವ ಬಸ್ಸಿನಲ್ಲೇ, ಅವರಿಗೆ ಸ್ಟ್ರೋಕು ಹೊಡೆಯಿತು. ಕಂಬಿ ಹಿಡಿದೂ ಹಿಡಿದೂ ಎಡಗೈ ಜೋಮು ಹತ್ತಿದೆ ಅಂದುಕೊಂಡರಂತೆ. ಪ್ಯಾಸೆಂಜರುಗಳೇ ಹಿಡಿದು ಕೂರಿಸಿದರಂತೆ. ಜೀವ ಉಳಿಯಿತು, ನಡಿಗೆಯೂ ಅಷ್ಟಿಷ್ಟು ಬಂತು, ಎಡಗೈ ಮಾತ್ರ ಒದ್ದೆ ಟವೆಲ್ಲಿನಂತೆ ಜೋತುಬಿದ್ದದ್ದು ಏಳಲೇ ಇಲ್ಲ. ಜೀವಮಾನವೆಲ್ಲ ನಿಂತಿದ್ದವರು ನಮ್ಮ ಜಗಲಿಯ ಮೇಲೆ ಕೂತರು. ಹಾಸನದ ಬಸ್ಸು ಬೀದಿಯ ತುದಿಯಲ್ಲಿ ಹೋದಾಗ ಕತ್ತೆತ್ತಿ ಗಡಿಯಾರ ನೋಡುವುದು, ಮತ್ತೆ ತಲೆ ತಗ್ಗಿಸುವುದು. ನೋಡಲಾಗುತ್ತಿರಲಿಲ್ಲ.

ಆಗ ಬಂದದ್ದು ಈ ಆಟ. ನನ್ನ ಮಗ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಯಾರೋ ಮಾರಿದ ಹಳೇ ಲ್ಯಾಪ್‌ಟಾಪೊಂದನ್ನು ಮಗಳಿಗೆ ತಂದುಕೊಟ್ಟ. ಅದರೊಳಗೆ ಆ ಆಟ ಇತ್ತು, ಜೊತೆಗೆ ಎರಡೂ ಕೈಯಲ್ಲಿ ಹಿಡಿದು ಆಡುವ ಒಂದು ಸಾಮಾನು. ಕಂಟ್ರೋಲರ್ ಅನ್ನುತ್ತಾರೆ, ನಾನು ಹಿಡಿ ಅನ್ನುತ್ತೇನೆ. ದೊಡ್ಡ ಕಂಪನಿ ಮಾಡಿದ್ದಲ್ಲವಂತೆ, ಯಾರೋ ಮೂರ್ನಾಲ್ಕು ಹುಡುಗರು ಸೇರಿ ಮಾಡಿದ ಆಟವಂತೆ. ನೀರಿನಲ್ಲಿ ಮುಳುಗಿದ ಒಂದು ಊರು. ಅಲ್ಲಿಗೆ ಕಂಬಳಿ ಹೊದ್ದ ಒಂದು ಪುಟ್ಟ ಆಳು ಮುರುಕು ಕತ್ತಿ ಹಿಡಿದು ಇಳಿಯುತ್ತದೆ. ಬೀದಿ ಬೀದಿ, ಮನೆ ಮನೆ, ಬಾವಿ, ಅಟ್ಟ ಎಲ್ಲ ಹುಡುಕುತ್ತಾ, ಹಾರುತ್ತಾ, ಎದುರಿಗೆ ಬಂದ ಪಿಶಾಚಿಗಳನ್ನು ಹೊಡೆಯುತ್ತಾ ಹೋಗಬೇಕು. ಕೊನೆಯಲ್ಲಿ ತೂಬು. ತೂಬಿಗೆ ಒಬ್ಬ ರಾಕ್ಷಸ ಕಾವಲು. ಅವನನ್ನು ಕೆಡವಿದರೆ ನೀರು ಇಳಿದು ಊರು ಮೇಲೇಳುತ್ತದೆ.

ಸಿಂಚನ ಜಗಲಿಯಲ್ಲಿ ಕೂತು ಆಡುತ್ತಿದ್ದಳು, ಅಂದರೆ ಸಾಯುತ್ತಿದ್ದಳು. ಎಡ ಹೆಬ್ಬೆರಳು ಓಡಿಸಬೇಕು, ಬಲ ಹೆಬ್ಬೆರಳು ಹಾರಿಸಬೇಕು, ಹೊಡೆಯಬೇಕು. ಅವಳಿಗೆ ಗಾಬರಿ ಬಿದ್ದರೆ ಎರಡೂ ಕಲಸಿಹೋಗುತ್ತಿತ್ತು. ಒಂದು ದಿನ ಹಿಡಿಯನ್ನು ಚಾಪೆಯ ಮೇಲೆ ಎಸೆದು ಅಳುತ್ತಾ ಕೂತಳು. ಪಕ್ಕದಲ್ಲಿ ಸುಮ್ಮನೆ ನೋಡುತ್ತಿದ್ದ ಕಂಡಕ್ಟ್ರು ಉಂಗುರದಿಂದ ಕಂಬವನ್ನು ಟಕಟಕ ತಟ್ಟಿದರು.

"ಒಂದು ಬಸ್ಸಿಗೆ ಇಬ್ರು ಬೇಕು ಕಣವ್ವ. ಡ್ರೈವರ್ರೇ ಟಿಕೀಟೂ ಅರುದ್ರೆ ಆಯ್ತದಾ? ಎಡಗಡೆ ನೀನು ಇಡ್ಕೊ. ನಂಗೆ ಬಲಗೈ ಐತಲ್ಲ, ಬಲಗಡೆ ನಾನು."

ಅಂದಿನಿಂದ ಒಂದು ಹಿಡಿಗೆ ಇಬ್ಬರು. ಇವಳ ಎಡಗೈ, ಅವರ ಬಲಗೈ. ಇವಳು ನಡೆಸಿದ ಕಡೆಗೆ ಅವರು ಹೊಡೆಯಬೇಕು, ಅವರು ಹಾರಿಸಿದಾಗ ಇವಳು ಮುಂದಕ್ಕೆ ಒತ್ತಬೇಕು. ಒಬ್ಬರು ತಪ್ಪಿದರೂ ಆ ಕಂಬಳಿ ಆಳು ಸತ್ತ. ಶುರುವಿನಲ್ಲಿ ಅವರಿಬ್ಬರ ಜಗಳ ಕೇಳಿ ಬೀದಿಯೇ ಬಾಗಿಲಿಗೆ ಬರುತ್ತಿತ್ತು.

"ಹೊಡೀರಿ ತಾತ, ಹೊಡೀರಿ!"

"ಅವ್ನು ಇನ್ನೂ ಸ್ಟಾಪಿಗೇ ಬಂದಿಲ್ಲ, ಎಲ್ಲಿಗೆ ಒಡೀಲವ್ವ?"

"ಬಂದ, ಬಂದ... ಹೋಯ್ತು! ಎಲ್ಲಾ ನಿಮ್ಮಿಂದಾನೇ!"

"ನೀನು ಬ್ರೇಕು ಹಾಕ್ದೆ, ನಾನು ಬಿದ್ದೆ. ಡ್ರೈವರ್ ಮ್ಯಾಲೆ ಕಂಪ್ಲೇಂಟು ಬರಿತೀನಿ ನೋಡ್ತಿರು."

ಆಟದ ಜಾಗಗಳಿಗೆಲ್ಲ ಅವರೇ ಹೆಸರಿಟ್ಟರು. ದಾರಿಯಲ್ಲಿ ಅಲ್ಲಲ್ಲಿ ಒಂದು ದೀಪದ ಕಂಬ ಸಿಗುತ್ತದೆ. ಅಲ್ಲಿ ಕೂತರೆ ಆಳಿನ ಆಯಾಸ ಕಳೆಯುತ್ತದೆ, ಸತ್ತರೂ ಅಲ್ಲಿಂದಲೇ ಮತ್ತೆ ಹೊರಡಬಹುದು. ಅದಕ್ಕೆ ಶಾಂತಿಗ್ರಾಮ ಅಂತ ಹೆಸರು. "ಅಲ್ಲೇ ಸತ್ತು ಅಲ್ಲಿಂದಲೇ ಎದ್ದು ಬಂದೋನು ನಾನು," ಅನ್ನುತ್ತಿದ್ದರು. ಮೇಲೇಳುತ್ತಾ ಕೆಳಗಿಳಿಯುತ್ತಾ ಇರುವ ಮುಳ್ಳಿನ ಬಾಗಿಲಿಗೆ ಹೊಳೆನರಸೀಪುರದ ರೈಲ್ವೆ ಗೇಟು. ಗುರಾಣಿ ಹಿಡಿದು ಸೇತುವೆಯ ಮೇಲೆ ಅಡ್ಡ ನಿಲ್ಲುವ ದಪ್ಪನೆಯ ಪಿಶಾಚಿ ಚೆಕಿಂಗ್ ಇನ್‌ಸ್ಪೆಕ್ಟ್ರು. ಅವನನ್ನು ಹೊಡೆಯುವಾಗ ಮಾತ್ರ ಅವರ ಮುಖದಲ್ಲಿ ಬೇರೆಯೇ ಒಂದು ಖುಷಿ.

ಸಿಂಚನಳಿಗೆ ಬೇಗ ಬೇಗ ತೂಬಿಗೆ ಹೋಗುವ ಆಸೆ. ಅವರು ಬಿಡುತ್ತಿರಲಿಲ್ಲ. "ಒಬ್ನೇ ಒಬ್ಬ ನಿಂತಿದ್ರೂ ಅದು ಸ್ಟಾಪೇ ಕಣವ್ವ, ನಿಲ್ಲುಸ್ಬೇಕು," ಅಂತ ಪ್ರತಿ ಮನೆಗೂ ನುಗ್ಗಿಸುತ್ತಿದ್ದರು. ಒಂದು ಸಂಜೆ ಹಾಗೆ ನುಗ್ಗಿದ ಮನೆ ನನಗೂ ನೆನಪಿದೆ, ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದೆ. ನೀರೊಳಗೆ ಮುಳುಗಿದ ನಡುಮನೆ, ಗೋಡೆಯಲ್ಲಿ ದೀಪ ಇಡುವ ಗೂಡು, ಮೂಲೆಯಲ್ಲಿ ಮಗುಚಿ ಬಿದ್ದ ಒರಳು. ಕಂಡಕ್ಟ್ರ ಹೆಬ್ಬೆರಳು ನಿಂತುಬಿಟ್ಟಿತು. ಪಿಶಾಚಿ ಬಂದು ಆಳನ್ನು ಹೊಡೆಯುತ್ತಿದೆ, ಸಿಂಚನ ಕೂಗುತ್ತಿದ್ದಾಳೆ, ಇವರು ಒತ್ತುತ್ತಲೇ ಇಲ್ಲ.

"ಹೊಡೀರಿ ತಾತ!"

"ತಡಿಯವ್ವ," ಅಂದರು. "ಯಾರ್ದೋ ಮನೆ."

ಅವರ ಊರೂ ಹಾಗೇ ಹೋದದ್ದು. ಹೇಮಾವತಿಗೆ ಅಣೆ ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿತು. ಆಗ ಅವರಿನ್ನೂ ಚಡ್ಡಿ ಹಾಕುವ ಹುಡುಗ. ಬೇಸಿಗೆಯಲ್ಲಿ ಒಂದು ಸಲ ನಮ್ಮನ್ನೆಲ್ಲ ಆ ಹಿನ್ನೀರಿನ ಅಂಚಿನ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದರು. ನೀರು ತಗ್ಗಿತ್ತು, ಪಾಳು ಚರ್ಚು ಬುಡದ ತನಕ ಕಾಣುತ್ತಿತ್ತು, ಜನ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಕಂಡಕ್ಟ್ರು ಅದನ್ನು ನೋಡಲೇ ಇಲ್ಲ. ನೀರಿನ ಅಂಚಿಗೆ ಹೋಗಿ, ಆಚೆ, ಬರೀ ನೀರಿರುವ ಕಡೆಗೆ, ಬಲಗೈ ಚಾಚಿದರು.

"ನಿಮ್ಮೂರು ಎಲ್ಲಿ ತಾತ? ಕಾಣ್ತಾ ಇಲ್ಲ," ಅಂದಳು ಸಿಂಚನ.

"ನಮ್ದು ಇನ್ನೂ ಒಳೀಕೆ ಕಣವ್ವ. ಎಂಥ ಬ್ಯಾಸ್ಗೇಲೂ ಏಳಾಕಿಲ್ಲ."

ಅವರ ಹೆಂಡತಿ ನನ್ನ ಪಕ್ಕದಲ್ಲಿ ನಿಂತಿದ್ದರು. "ನಾನು ಮದ್ವೆಯಾಗಿ ಬರೋ ಒತ್ಗೆ ಊರೇ ಇರ್ಲಿಲ್ಲ ಅಕ್ಕ," ಅಂದರು. "ಅತ್ತೆ ಮನೆ ನೋಡ್ದೇ ಇರೋ ಸೊಸೆ ನಾನೊಬ್ಳೇ ಇರ್ಬೇಕು."

ಆಟದ ಒಂದು ನೇಮವನ್ನು ಇಲ್ಲಿ ಹೇಳಬೇಕು. ಆಳು ಸತ್ತಾಗ ಅದು ಅಲ್ಲಿಯ ತನಕ ಹುಡುಕಿ ಗಳಿಸಿದ್ದೆಲ್ಲ ಒಂದು ಗಂಟಾಗಿ, ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ಗಂಟಿನ ಮೇಲೆ ಮಿಣುಕು ಹುಳದಷ್ಟು ಬೆಳಕು. ದೀಪದ ಕಂಬದಿಂದ ಎದ್ದು ಮತ್ತೆ ಅಲ್ಲಿಯ ತನಕ ಹೋಗಿ ಎತ್ತಿಕೊಳ್ಳಬೇಕು. ಹೋಗುವ ದಾರಿಯಲ್ಲೇ ಮತ್ತೊಮ್ಮೆ ಸತ್ತರೆ ಆ ಗಂಟು ಹೋಯಿತು, ಎಂದೆಂದಿಗೂ ಸಿಗುವುದಿಲ್ಲ. ನನಗೆ ಈ ಆಟದಲ್ಲಿ ಮೊದಲು ಅರ್ಥವಾದದ್ದು ಇದೊಂದೇ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಅವರಿಬ್ಬರೂ ತೂಬಿನ ಬಾಗಿಲ ತನಕ ಹೋದರು. ರಾಕ್ಷಸ ಮೊದಲ ಏಟಿಗೇ ಕೆಡವಿದ. ಊರೆಲ್ಲ ಸುತ್ತಿ ಗಳಿಸಿದ್ದು ಅಷ್ಟೂ ಗಂಟಾಗಿ ಆ ಬಾಗಿಲಲ್ಲಿ ಬಿತ್ತು.

"ಇನ್ನೊಂದ್ಸಲ ತಾತ, ಒಂದೇ ಒಂದ್ಸಲ."

"ಬ್ಯಾಡ ಕಣವ್ವ, ಕೈ ಸೋತದೆ. ಸೋತ ಕೈಲಿ ಓದ್ರೆ ಗಂಟು ಕಳ್ಕೋತೀವಿ. ಅವ್ಳು ಅವರೆಕಾಳು ಸಾರು ಮಾಡವ್ಳೆ, ಆರೋಯ್ತದೆ. ಗಂಟೆಲ್ಲಿಗೆ ಓಯ್ತದೆ? ನಾಳೆ ಎತ್ಕೊಳಾಣ." ಜಗಲಿ ಇಳಿಯುವಾಗ ಕಂಬವನ್ನು ಟಕಟಕ ತಟ್ಟಿಯೇ ಹೋದರು.

ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಎದುರು ಮನೆಯಿಂದ ಕೂಗು ಕೇಳಿತು. ನಿದ್ದೆಯಲ್ಲೇ ಎರಡನೇ ಸ್ಟ್ರೋಕು. ಕಿವಿಯ ಮೇಲೆ ಪೆನ್ನಿರಲಿಲ್ಲ, ಅದಕ್ಕೇ ಇರಬೇಕು, ಮುಖ ಯಾರದೋ ಅನ್ನಿಸಿತು ನನಗೆ.

ಸಿಂಚನ ಅಳಲಿಲ್ಲ. ಎಲ್ಲ ಮುಗಿಸಿ ಬಂದು ಸ್ನಾನ ಮಾಡಿ ಕೂತಾಗ ಒಂದೇ ಮಾತು ಹೇಳಿದಳು. "ಅಜ್ಜಿ, ತಾತನ ಗಂಟು ಅಲ್ಲೇ ಇದೆ."

ಆಮೇಲೆ ಲ್ಯಾಪ್‌ಟಾಪನ್ನೇ ಮುಚ್ಚಿಟ್ಟಳು. ನನ್ನ ಮಗ ಸಮಾಧಾನ ಹೇಳಿದ. "ಹೊಸದಾಗಿ ಶುರು ಮಾಡು ಪುಟ್ಟ. ಅಥವಾ ಅಂಗಡಿ ಹುಡುಗ್ರಿಗೆ ಹೇಳ್ತೀನಿ, ಒಂದು ಗಳಿಗೇಲಿ ಮುಗಿಸ್ಕೊಡ್ತಾರೆ." ಹಾಗಂದದ್ದಕ್ಕೆ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಅವಳಿಗೆ ಎಡಗಡೆ ಮಾತ್ರ ಬರುತ್ತಿತ್ತು. ಬಲಗಡೆಗೆ ಕೈ ಹಾಕಲು ಮನಸ್ಸೇ ಬರಲಿಲ್ಲ. ಸಾಲದ್ದಕ್ಕೆ ಒಂದು ತಪ್ಪಡಿ ಇಟ್ಟರೂ ಅವರ ಗಂಟು ಹೋಗಿಬಿಡುತ್ತದೆ ಅನ್ನುವ ಭಯ. ಆಡದೆ ಬಿಟ್ಟರೆ ಅದು ಅಲ್ಲೇ ಬಿದ್ದಿರುತ್ತದೆ, ಆಡಿದರೆ ಹೋದರೂ ಹೋಯಿತು. ಮಗು ಆ ಎರಡರ ನಡುವೆ ಸಿಕ್ಕಿಕೊಂಡು ದಿನದಿನಕ್ಕೆ ಸಣ್ಣಗಾಯಿತು.

ಪಿತೃಪಕ್ಷ ಬಂತು. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆ ಎಲೆಯ ಮೇಲೆ ಅಡುಗೆ, ಹೋದವರಿಗೆ ಇಷ್ಟವಾಗಿದ್ದ ಸಾಮಾನು. ನಮ್ಮ ಮಾವನವರಿಗೆ ಬೀಡಿ ಕಟ್ಟು, ನಮ್ಮ ಅತ್ತೆಗೆ ಎಲೆ ಅಡಿಕೆ ಮತ್ತು ಒಂದು ಹೊಸ ಸೀರೆ. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯಬೇಕು, ಹಿರಿಯರು ಬಂದು ಉಂಡು ಹೋಗಲಿ ಅಂತ. ಇನ್ನೇನು ಬಾಗಿಲು ಮುಚ್ಚಬೇಕು, ಸಿಂಚನ ಓಡಿ ಬಂದು ಎಡೆಯ ತುದಿಯಲ್ಲಿ ಆ ಹಿಡಿಯನ್ನು ಇಟ್ಟಳು.

ನಮ್ಮ ಯಜಮಾನರು ಕಣ್ಣು ಬಿಟ್ಟರು. "ಏನವ್ವ ಇದು? ಅವ್ರು ನಮ್ಮೋರಲ್ಲ ಕಣವ್ವ. ಅವ್ರ ಮನೇಲಿ ಎಡೆ ಇಡಾಕಿಲ್ಲ, ಅವ್ರ ಪದ್ಧತಿ ಬ್ಯಾರೆ."

"ನಂಗೆ ಗೊತ್ತಿಲ್ಲ. ಇಡ್ತೀನಿ," ಅಂದಳು.

ನಾನು ಎದುರು ಮನೆಗೆ ಹೋಗಿ ಅವರ ಹೆಂಡತಿಯನ್ನೇ ಕೇಳಿದೆ. ಅವರು ಬಂದು ಹೊಸಿಲಾಚೆ ನಿಂತು, ಬೀಡಿ, ಸೀರೆ, ಒಬ್ಬಟ್ಟು, ಅದರ ಪಕ್ಕದ ಹಿಡಿ, ಎಲ್ಲ ನೋಡಿದರು. ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ಅವತ್ತೇ ನಾನು ನೋಡಿದ್ದು. "ಎಡೆ ಗಿಡೆ ಅಂದ್ರೆ ಅವ್ರಿಗೆ ಆಗ್ತಿರ್ಲಿಲ್ಲ ಅಕ್ಕ. ಆದ್ರೆ ಇದ್ನ ಇಟ್ರೆ, ಬಂದ್ರೂ ಬಂದ್ರು. ಇರ್ಲಿ ಬುಡಿ."

ಹಾಗೇ ಇಟ್ಟು ಬಾಗಿಲು ಮುಚ್ಚಿದೆವು. ಕಾದು, ಬಾಗಿಲು ತೆಗೆದು, ಎಡೆ ಎತ್ತಿದೆವು. ಎಡೆಗೆ ಇಟ್ಟ ಸೀರೆಯನ್ನು ಮಡಿಸಿ ನಾನು ಉಡಲು ತೆಗೆದುಕೊಂಡೆ. ಸಿಂಚನ ಅದನ್ನೇ ನೋಡುತ್ತಿದ್ದಳು.

"ಅಜ್ಜಿ, ಎಡೆಗಿಟ್ಟಿದ್ದನ್ನ ಆಮೇಲೆ ಮನೆಯವ್ರೇ ಬಳಸ್ಬೇಕು ಅಲ್ವಾ?"

"ಹೂಂ ಕಣವ್ವ. ಬಿಸಾಡ್ಬಾರ್ದು, ಹಂಚ್ಕೋಬೇಕು."

ಅವಳು ಹಿಡಿಯ ಎಡಗಡೆಯನ್ನು ತಾನು ಹಿಡಿದು, ಬಲಗಡೆಯನ್ನು ನನ್ನತ್ತ ಚಾಚಿದಳು. "ಹಂಗಾದ್ರೆ ಹಂಚ್ಕೋ."

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕೈ ಬಲ್ಲದ್ದು ಹೊಗೆಸೊಪ್ಪು ಕಡ್ಡಿಗೆ ಕಟ್ಟುವುದು, ಶುಂಠಿ ಬಿಡಿಸುವುದು. ಆದರೆ ಎಡೆಯ ಮೇಲಿಂದ ಬಂದದ್ದನ್ನು ಬೇಡ ಅನ್ನುವುದು ಹೇಗೆ? ಹಿಡಿದುಕೊಂಡೆ.

ಕಂಡಕ್ಟ್ರ ಆಟವನ್ನು ಮುಟ್ಟದೆ, ಪಕ್ಕದಲ್ಲಿ ಬೇರೊಂದು ಹೊಸ ಆಟ ತೆರೆದು ಅವಳು ನನಗೆ ಕಲಿಸಿದಳು. ದೇವರೇ, ಅದೇನು ಫಜೀತಿ! ಹಾರು ಅಂದರೆ ನಾನೇ ಚಾಪೆಯಿಂದ ಅರ್ಧ ಎದ್ದುಬಿಡುತ್ತಿದ್ದೆ. ಪಿಶಾಚಿ ಬಂದರೆ "ಅಯ್ಯೋ ಪಾಪ" ಅಂದು ಕೈ ಹಿಂದಕ್ಕೆ ತೆಗೆಯುತ್ತಿದ್ದೆ.

"ಅಜ್ಜಿ, ಅದು ಪಾಪ ಅಲ್ಲ, ಅದು ನಮ್ಮನ್ನ ಸಾಯಿಸೋಕೆ ಬಂದಿರೋದು!"

"ಅದ್ಕೂ ಒಟ್ಟೆ ಇರಾಕಿಲ್ವೇನೇ?"

ಎಷ್ಟೋ ದಿನ ಕಳೆದ ಮೇಲೆ ಒಂದು ದಾರಿ ಸಿಕ್ಕಿತು. ಹೊಗೆಸೊಪ್ಪು ಕಟ್ಟುವಾಗ ನಾವು ಕಣ್ಣಿಂದ ನೋಡುವುದಿಲ್ಲ. ಆ ಕಡೆ ಒಂದು ಕಂತೆ, ಈ ಕಡೆ ಒಂದು ಕಂತೆ, ನಡುವೆ ದಾರ ಸುತ್ತು, ಅದರದೇ ಒಂದು ತಾಳ. ಆ ತಾಳವನ್ನು ಹೆಬ್ಬೆರಳಿಗೆ ತಂದುಕೊಂಡೆ. ಹಾರು, ಹೊಡಿ, ಸುತ್ತು. ಹಾರು, ಹೊಡಿ, ಸುತ್ತು. ಸಿಂಚನ ಬಾಯಿ ಬಿಟ್ಟುಕೊಂಡು ನೋಡಿದಳು. ಕಂಡಕ್ಟ್ರ ಹೆಂಡತಿಯೂ ಸಂಜೆ ಸಂಜೆ ಬಂದು ಜಗಲಿಯಲ್ಲಿ ಕೂರುವುದು ಶುರುವಾಯಿತು. ನಾನು ಸತ್ತಾಗಲೆಲ್ಲ ಗಂಡನ ಧ್ವನಿಯಲ್ಲೇ, "ಡ್ರೈವರ್ ಮ್ಯಾಲೆ ಕಂಪ್ಲೇಂಟು!" ಅನ್ನುವರು.

ನಿನ್ನೆ ಸಂಜೆ ಸಿಂಚನ, "ಇವತ್ತು ತಾತಂದು ತೆಗಿತೀನಿ," ಅಂದಳು. ತೆರೆದರೆ, ಕಂಬಳಿ ಆಳು ಶಾಂತಿಗ್ರಾಮದ ದೀಪದ ಕೆಳಗೆ ಅವರು ಬಿಟ್ಟ ಹಾಗೇ ಕೂತಿದೆ. ಒಂದು ವರ್ಷ ಅಲ್ಲೇ ಕೂತಿದೆ. ಸುದ್ದಿ ತಿಳಿದು ಮಗ ಅಂಗಡಿಯ ಶಟರು ಎಳೆದು ಬಂದ, ಸೊಸೆ ಒಲೆ ಆರಿಸಿ ಬಂದಳು. ಇಂಥದಕ್ಕೆಲ್ಲ ಮೂಗು ಮುರಿಯುವ ನಮ್ಮ ಯಜಮಾನರೂ ಶುಂಠಿ ಹೊಲದ ಮಣ್ಣಿನ ಕಾಲಲ್ಲೇ ಜಗಲಿಯ ಕೆಳಗೆ ನಿಂತರು.

ಹೊರಟೆವು. ರೈಲ್ವೆ ಗೇಟು ದಾಟಿದೆವು. ಸೇತುವೆಯ ಮೇಲೆ ಇನ್‌ಸ್ಪೆಕ್ಟ್ರು ಒಂದು ಏಟು ಕೊಟ್ಟ, ಇನ್ನೊಂದು ಕೊಟ್ಟ. ಆಳಿನ ಜೀವ ಒಂದು ಎಳೆಯಷ್ಟು ಉಳಿಯಿತು. ಇನ್ನೊಂದು ಏಟು ಬಿದ್ದಿದ್ದರೆ ಕಂಡಕ್ಟ್ರ ಗಂಟು ಹೋಗುತ್ತಿತ್ತು. ಸಿಂಚನ ಎಡ ಹೆಬ್ಬೆರಳನ್ನು ಹಿಡಿಯಿಂದ ಎತ್ತಿಬಿಟ್ಟಳು.

"ನೀನು ನಡ್ಸವ್ವ," ಅಂದೆ. "ಬಲಗಡೆ ನಾನಿವ್ನಿ."

ಅವನನ್ನು ಹಾರಿ ದಾಟಿದೆವು. ತೂಬಿನ ಬಾಗಿಲು. ಅಲ್ಲಿ, ಕತ್ತಲೆಯಲ್ಲಿ, ಮಿಣುಕು ಹುಳದಷ್ಟು ಬೆಳಕು. ಆಳು ಹೋಗಿ ಮುಟ್ಟಿತು. ಗೆಜ್ಜೆ ಅಲುಗಿದಂಥ ಒಂದು ಸಣ್ಣ ಸದ್ದು, ಅಷ್ಟೇ. ಸಿಂಚನ ಹಿಡಿಯನ್ನು ಬಿಟ್ಟು ನನ್ನ ಮಡಿಲಿಗೆ ಮುಖ ಹಾಕಿದಳು. ವರ್ಷದಿಂದ ತಡೆದಿಟ್ಟಿದ್ದ ಅಳುವೆಲ್ಲ ಆಗ ಬಂತು. ಅತ್ತಷ್ಟೂ ಅಳಲಿ ಅಂತ ಬಿಟ್ಟೆ. ಕಂಡಕ್ಟ್ರ ಹೆಂಡತಿ ಅವಳ ಬೆನ್ನು ಸವರುತ್ತಾ ಕೂತರು.

ಆಮೇಲೆ ಮೂಗು ಒರೆಸಿಕೊಂಡು ಎದ್ದಳು. "ನಡಿ ಅಜ್ಜಿ. ತಾತ ಒಂದು ಸ್ಟಾಪೂ ಬಿಡ್ತಿರ್ಲಿಲ್ಲ." ರಾಕ್ಷಸ ನಮ್ಮನ್ನು ಎಷ್ಟು ಸಲ ಕೊಂದ ಅಂತ ನಾನು ಎಣಿಸಲಿಲ್ಲ. ಪ್ರತಿ ಸಲವೂ ದೀಪದ ಕಂಬದಿಂದ ಎದ್ದು ಬಂದು, ಬಾಗಿಲಲ್ಲಿ ಬಿದ್ದ ಗಂಟು ಎತ್ತಿಕೊಂಡು, ಮತ್ತೆ ನಿಂತೆವು. ಕೊನೆಗೆ ಅವನು ಮಂಡಿಯೂರಿ ಬಿದ್ದ. ಜಗಲಿಯ ಕೆಳಗಿದ್ದ ನಮ್ಮ ಯಜಮಾನರು, "ಬಿದ್ದ ನನ್ಮಗ!" ಅಂತ ಕೂಗಿದ್ದು ಬೀದಿಗೆಲ್ಲ ಕೇಳಿತು.

ತೂಬು ತೆರೆಯಿತು. ನೀರು ಇಳಿಯತೊಡಗಿತು. ಮೊದಲು ಮನೆಗಳ ಮಾಡು, ಆಮೇಲೆ ಕಿಟಕಿ, ಆಮೇಲೆ ಜಗಲಿ. ಒದ್ದೆ ಬೀದಿಗಳ ಮೇಲೆ ಬಿಸಿಲು. ಕಂಡಕ್ಟ್ರ ಹೆಂಡತಿ ಎದ್ದು ಪರದೆಯ ಹತ್ತಿರಕ್ಕೆ ಹೋದರು.

"ಆ ಬೀದೀಗೆ ಓಗವ್ವ," ಅಂದರು. ಸಿಂಚನ ನಡೆಸಿದಳು. "ಆ ಮನೆ ಒಳೀಕೆ." ಗೋಡೆಯ ಗೂಡು, ಮೂಲೆಯ ಒರಳು, ಎಲ್ಲ ಒಣಗಿತ್ತು. ಅವರು ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಇಂಗೇ ಇತ್ತಂತೆ," ಅಂದರು.

ಸಿಂಚನ ಊರೆಲ್ಲ ಸುತ್ತಿಸಿ ತಂದಳು. "ಜನ ಯಾರೂ ಇಲ್ಲ ಅಲ್ವಾ?" ಅಂದಳು ಸಪ್ಪಗೆ.

"ಬತ್ತಾರೆ ಬುಡವ್ವ. ನೀರು ಈಗ ತಾನೆ ಇಳ್ದದೆ," ಅಂದರು ಕಂಡಕ್ಟ್ರ ಹೆಂಡತಿ.

ಅವರು ಮನೆಗೆ ಹೋಗಿ ಅವರೆಕಾಳು ಸಾರಿನ ಪಾತ್ರೆ ತಂದರು. ನಮ್ಮ ಸೊಸೆ ಮುದ್ದೆ ತಿರುವಿದಳು. ಯಜಮಾನರು ಕಾಲು ತೊಳೆದು ಬಂದು, ತಮ್ಮ ಪಕ್ಕದಲ್ಲಿ ತಾವೇ ಒಂದು ಮಣೆ ಹಾಕಿ, "ಒಳೀಕೆ ಬಾ ತಾಯಿ, ಕೂತ್ಕೊ," ಅಂದರು. ಕಂಡಕ್ಟ್ರ ಹೆಂಡತಿ ಹೊಸಿಲ ಹತ್ತಿರ ಒಂದು ಗಳಿಗೆ ನಿಂತರು. ಆಮೇಲೆ ದಾಟಿ ಬಂದು ಕೂತರು.

ಎಲ್ಲರ ತಟ್ಟೆಗೂ ಮುದ್ದೆ ಬಿತ್ತು, ಸಾರು ಬಿತ್ತು, ಹೊಗೆ ಏಳುತ್ತಿತ್ತು. ಯಾರೂ ಕೈ ಹಾಕಲಿಲ್ಲ. ನಮಗೇ ತಿಳಿಯದೆ ಎಲ್ಲರ ಕಣ್ಣೂ ಬಾಗಿಲ ಕಡೆಗೇ ಹೋಗಿತ್ತು. ಕಂಡಕ್ಟ್ರ ಹೆಂಡತಿ ಸಾಲನ್ನು ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿದರು. ಬಳೆಯಿಂದ ತಟ್ಟೆಯ ಅಂಚನ್ನು ಟಕಟಕ ತಟ್ಟಿದರು.

"ಎಲ್ಲಾರೂ ಅತ್ತಾಯ್ತು," ಅಂದರು. "ರೈಟ್."

ಮುದ್ದೆ ಮುರಿದೆವು.